ರೊಟ್ಟಿಯ ನೆಲ, ಅನ್ನದ ಕ್ಯಾಂಪು

ಹುಟ್ಟಿದ ಊರು ಬಿಟ್ಟು ಬೇರೆ ಸೀಮೆಯಲ್ಲಿ ನೆಲೆಸಿದವರು ಮುಖ್ಯವಾಗಿ ಎರಡಕ್ಕೆ ಒಗ್ಗಿಕೊಳ್ಳಬೇಕು: ತಟ್ಟೆಗೆ ಬೀಳುವುದಕ್ಕೆ, ಬಾಗಿಲು ತೆರೆದರೆ ಕಾಣುವುದಕ್ಕೆ. ಎರಡರಲ್ಲಿ ತಟ್ಟೆಯದೇ ಹೆಚ್ಚು ಹಟ. ಕಣ್ಣು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಹೊಸ ನೆಲವನ್ನು ಒಪ್ಪಿಕೊಳ್ಳುತ್ತದೆ. ನಾಲಿಗೆ ಮೂರನೆಯ ತಲೆಮಾರಿಗೂ ಅಜ್ಜಿಯ ಉಪ್ಪಿನಕಾಯಿಯನ್ನೇ ಕೇಳುತ್ತದೆ. ಈ ಹಟ ಬಲವಾಗಿದ್ದು, ಜೊತೆಗೆ ನೀರೂ ದುಡ್ಡೂ ಕೈಗೆಟುಕುವಂತಿದ್ದರೆ ಮನುಷ್ಯ ನಾಲಿಗೆಯ ಗೊಡವೆಗೆ ಹೋಗದೆ ನೆಲವನ್ನೇ ಬದಲಿಸಿಬಿಡುತ್ತಾನೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸೀಮೆಯಲ್ಲಿ ಕಳೆದ ಎಪ್ಪತ್ತು ವರ್ಷಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಆದ್ದರಿಂದ ಅಲ್ಲಿ ಹೊಸ ನೆಲಕ್ಕೆ ಹೊಂದಿಕೊಳ್ಳುವ ಕಷ್ಟ ಬಂದವರಿಗಿಂತ ಇದ್ದವರ ಪಾಲಿಗೇ ಹೆಚ್ಚು ಬಂತು.

ಈ ಸೀಮೆಯ ಮೂಲ ನೋಟ ಸರಳವಾದದ್ದು. ಕಣ್ಣು ಸೋಲುವಷ್ಟು ದೂರ ಎರೆ ಬಯಲು. ಅದರ ನಡುವೆ ಇದ್ದಕ್ಕಿದ್ದಂತೆ ಎದ್ದ ಬಂಡೆಗುಡ್ಡಗಳು. ಬಳ್ಳಾರಿಯ ಕೋಟೆಗುಡ್ಡ, ಅದರ ನೆರೆಯ ಕುಂಬಾರಗುಡ್ಡ, ಸಂಗನಕಲ್ಲಿನ ಗುಡ್ಡಗಳು, ಕುರುಗೋಡಿನ ಬೆಟ್ಟಸಾಲು, ಇವೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಡಿ ಇದ್ದಾಗಲೇ ಸೀಳುಗಳಿಗೆ ನೀರಿಳಿದು, ಮೂಲೆ ಸವೆದು ಉರುಟಾದ ಕಲ್ಲುಗಳು, ಸುತ್ತಲಿನ ಮಣ್ಣು ತೊಳೆದುಹೋದ ಮೇಲೆ ಒಂದರ ಮೇಲೊಂದು ಕೂತ ಹಾಗೇ ಹೊರಬಿದ್ದಿವೆ. ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಳ್ಳಾರಿಗೆ ಇರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಆ ಕಡೆಯವರೇ ಹೇಳಿಕೊಂಡು ನಗುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬಿ ಚಪ್ಪಲಿಗೆ ಅಂಟಿ ಕಾಲು ಭಾರ ಮಾಡುತ್ತದೆ. ಅದೇ ಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರಿಯುತ್ತದೆ. ಒಂದು ಸಲ ಹಸಿ ಹಿಡಿದರೆ ಬಹುಕಾಲ ಬಿಡದ ಮಣ್ಣು ಇದು. ಹಿಂಗಾರಿಯಲ್ಲಿ ಬಿತ್ತಿದ ಜೋಳ, ಮುಂದೆ ಮಳೆಯಿಲ್ಲದಿದ್ದರೂ ಆ ಹಸಿಯನ್ನೇ ಹೀರಿ, ಇಬ್ಬನಿ ಕುಡಿದು ತೆನೆಗೆ ಬರುತ್ತದೆ.

ಹೀಗೆ ಈ ಮಣ್ಣಿಗೆ ಹೇಳಿ ಮಾಡಿಸಿದಂತಿರುವ ಜೋಳವೂ ಇಲ್ಲಿಯ ಮೂಲನಿವಾಸಿಯಲ್ಲ. ಸಂಗನಕಲ್ಲು ಹಾಗೂ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಗಳಲ್ಲಿ, ಸುಮಾರು 4000 ವರ್ಷ ಹಿಂದಿನ ಪದರಗಳಲ್ಲಿ, ಸುಟ್ಟು ಕರಿಯಾಗಿ ಉಳಿದ ಕಾಳುಗಳು ಸಿಕ್ಕಿವೆ. ಅವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಆ ದನಗಾಹಿ ಜನ ಸಗಣಿ ಒಟ್ಟಿ ಸುಟ್ಟ ಬೂದಿಯ ದಿಬ್ಬ ಕುಡತಿನಿಯ ಬಳಿ ಇವತ್ತಿಗೂ ಇದೆ. ಜೋಳದ ತವರು ಆಫ್ರಿಕಾದ ಸುಡಾನ್ ಕಡೆ. ಅದು ಇಲ್ಲಿಗೆ ಬಂದು ಬೇರು ಬಿಟ್ಟದ್ದು ಆಮೇಲೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳ ಕಡೆಯವು, ಪೋರ್ಚುಗೀಸರ ಕಾಲದ ಹಡಗು ವ್ಯಾಪಾರದ ಕೂಸುಗಳು. ಗುರೆಳ್ಳು ಇಥಿಯೋಪಿಯಾದ್ದು. ಹುಣಸೆಯ ಮೂಲವೂ ಆಫ್ರಿಕಾವೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಬಡಿಸಿದ ತಟ್ಟೆಯಲ್ಲಿ ನಮ್ಮದೆಂದು ಗಟ್ಟಿಯಾಗಿ ಹೇಳಬಹುದಾದದ್ದು ಬದನೆಕಾಯಿಯೊಂದೇ. ಆದರೂ ಅದು ಬಳ್ಳಾರಿ ಸೀಮೆಯ ಊಟವಲ್ಲ ಎನ್ನಲು ಯಾರಿಗೂ ಬಾಯಿ ಬಾರದು. ಬಂದ ಕಾಳು ನೆಲಕ್ಕೆ ಒಗ್ಗಿತು, ನಾಲಿಗೆ ಆ ಕಾಳಿಗೆ ಒಗ್ಗಿತು; ಇದಕ್ಕೆ ಹಿಡಿದದ್ದು ನೂರಾರು ವರ್ಷ, ಆದ್ದರಿಂದ ಯಾರಿಗೂ ನೋವಾದ ನೆನಪಿಲ್ಲ.

ಮನುಷ್ಯರಿಗೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಹೊರಗಿನಿಂದ ಬಂದು ಇಲ್ಲಿಯ ನೆಲವನ್ನು ತಪ್ಪಾಗಿ ಓದಿಕೊಂಡು ಕೆಟ್ಟವನೊಬ್ಬನ ಕಥೆ ಬಳ್ಳಾರಿಯಲ್ಲಿ ಪ್ರಸಿದ್ಧ. ಹೈದರಾಲಿ ಬಳ್ಳಾರಿಯನ್ನು ವಶಪಡಿಸಿಕೊಂಡ ಮೇಲೆ ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ತಿದ್ದಿಸಿ ಬಲಪಡಿಸಿದ. ಕೆಲಸ ಮುಗಿದ ಮೇಲೆ ಪಕ್ಕದ ಕುಂಬಾರಗುಡ್ಡವೇ ಎತ್ತರವೆಂದು, ಅಲ್ಲಿಂದ ಕೋಟೆಗೆ ಗುಂಡು ಹೊಡೆಯಬಹುದೆಂದು ತಿಳಿಯಿತಂತೆ. ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದರು ಎನ್ನುವುದು ಜನ ಹೇಳುತ್ತ ಬಂದ ಮಾತು. ಕಥೆ ಎಷ್ಟು ನಿಜವೋ, ಪರದೇಶದಲ್ಲಿ ಭೂಮಿಯ ಏರುತಗ್ಗು ಗೊತ್ತಾಗದೆ ತೆತ್ತ ದಂಡದ ಕಥೆಗಳಲ್ಲಿ ಇದಕ್ಕಿಂತ ದುಬಾರಿಯದು ಸಿಗುವುದು ಕಷ್ಟ.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯ ಜೊತೆಗೆ ಬಳ್ಳಾರಿ ಇಂಗ್ಲಿಷರ ಕೈಸೇರಿ ದಂಡುಪ್ರದೇಶವಾಯಿತು. ಬ್ರೂಸ್ ಪೇಟೆ, ಕೌಲ್ ಬಜಾರ್ ಎಂಬ ಹೆಸರುಗಳು ಆ ಕಾಲದವು. ಅವರು ನೆಲವನ್ನೂ ಬದಲಿಸಲಿಲ್ಲ, ನಾಲಿಗೆಯನ್ನೂ ಬದಲಿಸಲಿಲ್ಲ; ಬೇಸಿಗೆ ಬಂದರೆ ಮೇಲಕ್ಕೆ ಹತ್ತಿದರು. ಸಂಡೂರಿನ ಬೆಟ್ಟಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ರಾಮಗಡವನ್ನು, ಬಳ್ಳಾರಿ ದಂಡಿನ ಬಿಳಿಯ ಸೈನಿಕರು ಚೇತರಿಸಿಕೊಳ್ಳುವ ತಂಗುದಾಣವಾಗಿ 19ನೇ ಶತಮಾನದ ನಡುವಿನಲ್ಲಿ ಮಾಡಿಕೊಂಡರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮಾತ್ರ ಬೇರೆ ಜಾತಿಯ ಮನುಷ್ಯ: 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದ. ಊಟದ ಮಾತು ಏನೇ ಇರಲಿ, ಮಾತಿನ ಮಟ್ಟಿಗೆ ಒಗ್ಗಿಕೊಂಡವನು. ಇನ್ನು ಬೋಯರ್ ಯುದ್ಧದಲ್ಲಿ ಸೆರೆಸಿಕ್ಕ ದಕ್ಷಿಣ ಆಫ್ರಿಕದ ರೈತರನ್ನೂ ಮೊದಲ ಮಹಾಯುದ್ಧದ ತುರ್ಕಿ ಸೈನಿಕರನ್ನೂ ಬಳ್ಳಾರಿಗೆ ತಂದು ಇಟ್ಟಿದ್ದುಂಟು. ಸೆರೆಯಾಳಿಗೆ ಒಗ್ಗುವ ಬಿಡುವ ಪ್ರಶ್ನೆಯೇ ಇಲ್ಲ. ಹಾಕಿದ್ದನ್ನು ತಿನ್ನಬೇಕು, ಬೇಲಿಯಾಚೆ ಕಂಡದ್ದನ್ನು ನೋಡಬೇಕು.

ನೆಲವನ್ನೇ ಬದಲಿಸುವ ಬಲ ಬಂದದ್ದು 1953ರಲ್ಲಿ. ಆ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಿಳಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಸೇರಿತು. ಯೋಜನೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಬರ, ಅದರಲ್ಲೂ ಸೀಮೆಯನ್ನೇ ಬರಿದು ಮಾಡಿದ 1876-78ರ ಬರ. ಆದ್ದರಿಂದ ಕಡಿಮೆ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದು ಅವರ ಲೆಕ್ಕ. ಭತ್ತ, ಕಬ್ಬಿಗೆ ಸ್ವಲ್ಪ ಜಾಗ. ಉಳಿದದ್ದೆಲ್ಲ ಅರೆ ಖುಷ್ಕಿ, ಅಂದರೆ ಜೋಳ, ಹತ್ತಿ, ಶೇಂಗಾಕ್ಕೆ ಒಂದೆರಡು ಹದ ನೀರು. ರೊಟ್ಟಿ ತಿನ್ನುವವರಿಗೆ ರೊಟ್ಟಿ ತಪ್ಪದಿರಲಿ ಎನ್ನುವುದಷ್ಟೇ ಉದ್ದೇಶ. ಭತ್ತ ಇಲ್ಲಿಗೆ ತೀರಾ ಹೊಸದೂ ಆಗಿರಲಿಲ್ಲ. ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳ ಕೆಳಗೆ, ಹೊಳೆದಂಡೆಯ ಪಟ್ಟಿಯಲ್ಲಿ ಅದು ಬೆಳೆಯುತ್ತಿತ್ತು. ಆದರೆ ಅನ್ನ ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. ದಿನದ ಊಟ ರೊಟ್ಟಿಯೇ.

ನೀರು ಬರುವ ಸುದ್ದಿಯ ಹಿಂದೆಯೇ ಕೃಷ್ಣಾ, ಗೋದಾವರಿ ಡೆಲ್ಟಾದ ರೈತರು ಬಂದರು. ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಗೋದಾವರಿಗೆ ಒಡ್ಡು ಕಟ್ಟಿ ಆಗಲೇ ನೂರು ವರ್ಷ. ಕಾಲುವೆ ನೀರಿನ ಒಳಹೊರಗು ಅವರಿಗೆ ರಕ್ತಗತ. ಅಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಎರೆ ಹೊಲಕ್ಕೆ ನೀರು ನಿಲ್ಲಿಸಿದರೆ ಸವಳು ಹಿಡಿದು ಕೆಡುತ್ತದೆಂದು ಅಂಜುತ್ತಿದ್ದ ಇಲ್ಲಿಯ ಒಕ್ಕಲಿಗರು ಮಾರಲು ತಯಾರಿದ್ದರು. ಆ ಅಂಜಿಕೆ ಪೂರಾ ಸುಳ್ಳೂ ಆಗಲಿಲ್ಲ. ಅಚ್ಚುಕಟ್ಟಿನ ತಗ್ಗುಗಳಲ್ಲಿ ಸವಳು ಎದ್ದ ನೆಲ ಸಾಕಷ್ಟಿದೆ. ಬಂದವರು ಹಳೆಯ ಊರುಗಳೊಳಗೆ ಸೇರದೆ ಕಾಲುವೆ ಪಕ್ಕ, ತಮ್ಮ ತಮ್ಮ ಹೊಲದ ಹತ್ತಿರ ಗುಡಿಸಲು ಹಾಕಿದರು. ಅವೇ ಕ್ಯಾಂಪುಗಳು. ಗುಡಿಸಲು ಹೋಗಿ ಆರ್‌ಸಿಸಿ ಮಹಡಿ ಬಂದು, ಗುಡಿ ಕಟ್ಟಿ, ಮೂರು ತಲೆಮಾರು ದಾಟಿದರೂ ಬಸ್ಸಿನ ಬೋರ್ಡಿನಲ್ಲಿ ಇವತ್ತಿಗೂ ಕ್ಯಾಂಪೇ.

ಬಂದವರ ಕಷ್ಟವನ್ನು ಸಣ್ಣದು ಮಾಡಿ ಹೇಳಬಾರದು. ಡೆಲ್ಟಾದಲ್ಲಿ ಗಾಳಿಯೇ ಒದ್ದೆ. ತೆಂಗು, ತಾಳೆ, ಮನೆಮುಂದೆ ಕಾಲುವೆ, ಬಲೆ ಬೀಸಿದರೆ ಮೀನು. ಇಲ್ಲಿ ತುಟಿ ಒಡೆಯುವ ಒಣಗಾಳಿ, ನೆರಳಿಗೆ ಜಾಲಿ, ಬೇವು. ಇಲ್ಲಿಯ ತೆಲುಗು ರಾಯಲಸೀಮೆಯ ತೆಲುಗು. ಗೋದಾವರಿಯವರ ರಾಗಕ್ಕೂ ಅದಕ್ಕೂ ಬಹಳ ದೂರ. ಹಾವು, ಚೇಳು, ಮಲೇರಿಯಾ ಎಲ್ಲ ಇದ್ದವು. ಆದರೆ ಊಟದಲ್ಲಿ ಅವರು ಒಂದು ಅಗುಳೂ ಬಿಟ್ಟುಕೊಡಲಿಲ್ಲ. ಹೊಲ ಮಟ್ಟ ಮಾಡಿ, ಮಡಿ ಕಟ್ಟಿ, ಅರೆ ಖುಷ್ಕಿ ಎಂದು ಬರೆದಿದ್ದ ನೆಲದಲ್ಲೂ ನೀರು ನಿಲ್ಲಿಸಿ ಭತ್ತ ನಾಟಿ ಮಾಡಿದರು. ಬದುವಿಗೆ ತೆಂಗು ನೆಟ್ಟರು. ಕೆಲವರು ಮೀನಿನ ಹೊಂಡ ತೋಡಿಸಿದರು. ಸಂಕ್ರಾಂತಿಗೆ ಅಂಗಳದ ತುಂಬ ಮುಗ್ಗು, ಅಂದರೆ ರಂಗೋಲಿ, ಹಾಕಿ ಸಗಣಿಯುಂಡೆಯ ಗೊಬ್ಬೆಮ್ಮ ಇಟ್ಟರು. ಊರು ಬಿಟ್ಟು ಬಂದವರು ಊರನ್ನೇ ಇಲ್ಲಿಗೆ ತಂದರು ಎನ್ನುವುದಕ್ಕಿಂತ, ಊರು ಕಾಣಿಸುವವರೆಗೂ ನೆಲವನ್ನು ತಿದ್ದಿದರು ಎನ್ನುವುದೇ ಸರಿ. ಇದರ ಬೆಲೆಯನ್ನು ಕಾಲುವೆಯ ಕೊನೆಭಾಗದವರು ತೆತ್ತರು. ಮೇಲಿನವರ ಭತ್ತ ಕುಡಿದ ನೀರು ಕೆಳಗೆ ತಲುಪಲಿಲ್ಲ. ಪ್ರತಿವರ್ಷ ನೀರಾವರಿ ಸಲಹಾ ಸಮಿತಿಯ ಸಭೆಯ ಹೊತ್ತಿಗೆ ಆ ಜಗಳ ಹೊಸದಾಗಿ ಹುಟ್ಟುತ್ತದೆ.

ಎರಡೂ ಅಡುಗೆಮನೆಗಳಲ್ಲಿ ಮೊದಲಿನಿಂದ ಇದ್ದ ಒಂದು ಸೊಪ್ಪಿದೆ: ಪುಂಡಿ, ಡೆಲ್ಟಾದವರ ಗೋಂಗೂರ. ಬಳ್ಳಾರಿ ಕಡೆ ಪುಂಡಿಪಲ್ಯಕ್ಕೆ ಸೊಪ್ಪನ್ನು ಒಮ್ಮೆ ಬೇಯಿಸಿ ಹುಳಿನೀರು ಬಸಿದು, ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಸೇರಿಸಿ ಮತ್ತೆ ಬೇಯಿಸುತ್ತಾರೆ. ಮುದ್ದೆಯಾದ ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಪಕ್ಕದಲ್ಲಿ ಹಸಿ ಈರುಳ್ಳಿ. ಡೆಲ್ಟಾದವರು ಅದೇ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ, ಒಣಮೆಣಸಿನಕಾಯಿ ಜೊತೆ ಅರೆದು, ಹುಳಿ ಒಂದಿಷ್ಟೂ ಕಳೆಯದೆ ಬಿಸಿ ಅನ್ನಕ್ಕೆ ಕಲಸುತ್ತಾರೆ. ಇವರಿಗೆ ಅದು ವಿಪರೀತ ಹುಳಿ, ಅವರಿಗೆ ಇದು ಬರೀ ಸಪ್ಪೆ ಗಂಜಿ. ಆದರೂ ಕ್ಯಾಂಪಿನ ಹೊಲಕ್ಕೆ ಕೂಲಿಗೆ ಹೋದ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿದಾಗ ಮೊದಲು ಕೈ ಬದಲಾದದ್ದು ಈ ಸೊಪ್ಪಿನ ಮೇಲೇ ಇದ್ದೀತು.

ಇದ್ದಲ್ಲೇ ಇದ್ದವರ ಪಾಡನ್ನು ಯಾರೂ ವಲಸೆ ಎಂದು ಕರೆಯಲಿಲ್ಲ, ಆದರೆ ಅವರು ಕಂಡ ಬದಲಾವಣೆ ಹಡಗು ಹತ್ತಿ ಹೋದವರದಕ್ಕಿಂತ ಕಡಿಮೆಯದಲ್ಲ. ಒಣಹೊಲದಲ್ಲಿ ಹತ್ತಿ ಕಳೆ ತೆಗೆದು ರೂಢಿಯಾದ ಕಾಲು ಈಗ ದಿನವಿಡೀ ನೀರಲ್ಲಿ ನಿಂತು ನಾಟಿ ಹಚ್ಚಬೇಕು, ಬೆರಳಸಂದಿಗೆ ಕೆಸರುಹುಣ್ಣು. ಎತ್ತುಗಳೂ ಒಗ್ಗಿಕೊಳ್ಳಬೇಕಾಯಿತು. ಜೋಳದ ಸೊಪ್ಪೆ ಸಿಹಿಯಾದ ಮೇವು. ಭತ್ತದ ಹುಲ್ಲು ಅದರ ಮುಂದೆ ಏನೂ ಅಲ್ಲ. ಎಳ್ಳ ಅಮಾವಾಸ್ಯೆಗೆ ಬುತ್ತಿ ಹೊತ್ತು ಹೋಗಿ ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಬೇಕೆಂದರೆ ಎದುರಿಗೆ ನಿಂತ ಬೆಳೆ ಬೇಕು. ಆ ಹೊತ್ತಿಗೆ ಭತ್ತದ ಗದ್ದೆಯಲ್ಲಿ ಕುಯ್ದ ಕೂಳೆ ಇರುತ್ತದೆ, ಇಲ್ಲವೇ ಎರಡನೆಯ ಬೆಳೆಗೆ ಸಸಿಮಡಿ. ಹಿಂದೆ ಗುಡ್ಡದ ಮೇಲಿಂದ ನೋಡಿದರೆ ಕಾಣುತ್ತಿದ್ದದ್ದು ಹಳದಿಗೆ ತಿರುಗಿದ ಜೋಳ. ಈಗ ಕುರುಗೋಡಿನ ಬೆಟ್ಟ ಹತ್ತಿದರೆ ಬಂಡೆ ಬುಡದವರೆಗೂ ಹಸಿರು. ಅದರ ನಡುನಡುವೆ, ಈಚಿನ ವರ್ಷಗಳಲ್ಲಿ, ಮೆಣಸಿನಕಾಯಿ ಒಣಹಾಕಿದ ಕೆಂಪು ಕಣಗಳು.

ನಾಲಿಗೆ ಕೊನೆಗೆ ಸೋತದ್ದು ನೆಲದ ಕಡೆಯಿಂದಲ್ಲ, ರೇಷನ್ ಅಂಗಡಿಯ ಕಡೆಯಿಂದ. ಹೊಲದಲ್ಲಿ ಜೋಳ ಕಡಿಮೆಯಾದಂತೆ ಪೇಟೆಯಲ್ಲಿ ಅದರ ಧಾರಣೆ ಏರಿತು; ಕಾರ್ಡಿನ ಮೇಲೆ ಅಕ್ಕಿ ಅಗ್ಗವಾಗಿ ಬಂತು, 2013ರ ಅನ್ನಭಾಗ್ಯದ ಮೇಲಂತೂ ಕೇಳುವುದೇ ಬೇಡ. ಅನ್ನ ತಿಂದರೆ ಹೊಟ್ಟೆ ನಿಲ್ಲುವುದಿಲ್ಲ, ಹೊತ್ತಿಗೆ ಮುಂಚೆ ಹಸಿಯುತ್ತದೆ ಎಂದು ಹಿರಿಯರು ಗೊಣಗುತ್ತಲೇ ಅನ್ನ ಉಂಡರು. ಬಡವರ ಊಟವಾಗಿದ್ದ ರೊಟ್ಟಿಯನ್ನು ಈಗ ಲೆಕ್ಕಹಾಕಿ ಕೊಳ್ಳಬೇಕು. ಬಳ್ಳಾರಿಯಲ್ಲಿ ರೊಟ್ಟಿ ತಟ್ಟಿ ಮಾರುವ ಮನೆಗಳಿವೆ. ಖಡಕ್ ರೊಟ್ಟಿಯ ಕಟ್ಟುಗಳು ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕ ಕೂತಿವೆ. ಇನ್ನೊಂದು ಕಡೆ, ಕ್ಯಾಂಪಿನ ಮದುವೆಗಳಲ್ಲಿ ರೊಟ್ಟಿ, ಎಣ್ಣೆಗಾಯಿಗೆ ಬೇರೆ ಟೇಬಲ್ ಹಾಕುವುದು ಕಾಣುತ್ತದೆ. ಅಜ್ಜ ಮುಟ್ಟದಿದ್ದದ್ದಕ್ಕೆ ಮೊಮ್ಮಕ್ಕಳು ಸಾಲು ನಿಲ್ಲುತ್ತಾರೆ.

ಬಳ್ಳಾರಿ ಪೇಟೆ ಈ ಅಕ್ಕಿ-ಜೋಳದ ತಕರಾರಿಗೆ ತಲೆಹಾಕದೆ ತನ್ನದೇ ದಾರಿ ಕಂಡುಕೊಂಡಿದೆ. ಬೆಳಗಿನ ಒಗ್ಗರಣೆ-ಮಿರ್ಚಿ ಮೂಲತಃ ಭತ್ತದ ತಿಂಡಿಯೇ, ಆದರೆ ಅನ್ನದ ಯಾವ ಲಕ್ಷಣವೂ ಅದಕ್ಕಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಎರಡು ಅಂಗೈ ನಡುವೆ ಹಿಂಡಿ ತೆಗೆಯಬೇಕು. ಒಂದು ಗಳಿಗೆ ತಡವಾದರೂ ಪೇಸ್ಟು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಅದನ್ನು ಸುರಿದು, ಮೇಲೆ ಪುಟಾಣಿ ಪುಡಿ ಉದುರಿಸಿ ಹುಳಿ ಹಿಂಡಿದರೆ ಆಯಿತು. ಪಕ್ಕಕ್ಕೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲೂ ಇದರದೇ ವಾಸನೆ. ಹೊರಗಿನಿಂದ ನೌಕರಿಗೆ ಬಂದವರು ಮೊದಲ ತುತ್ತಿಗೆ ಮುಖ ಸಿಂಡರಿಸುತ್ತಾರೆ, ಏಕೆಂದರೆ ಮಂಡಕ್ಕಿ ಗರಿಗರಿ ಇರಬೇಕೆಂದು ಅವರ ಎಣಿಕೆ. ವರ್ಗವಾಗಿ ಹೋಗುವಾಗ ನೆನೆಯುವುದೂ ಅದನ್ನೇ.

ಈ ಸೀಮೆಯಿಂದ ಹೊರದೇಶಕ್ಕೆ ಹೋದವರ ವಿಷಯದಲ್ಲಿ ಕ್ರಮ ತಿರುಗುಮುರುಗು. ಒಂದು ಬಾಡಿಗೆ ಮನೆ, ಒಂದು ವಿದ್ಯುತ್ ಒಲೆ ಇರುವವರು ನೆಲ ಬದಲಿಸುವ ಮಾತೇ ಇಲ್ಲ. ಬಳ್ಳಾರಿ ಸಮಭಾಜಕದಿಂದ 15 ಡಿಗ್ರಿ ಉತ್ತರದಲ್ಲಿದೆ. ವರ್ಷವಿಡೀ ಹಗಲು ಹನ್ನೊಂದರಿಂದ ಹದಿಮೂರು ತಾಸಿನೊಳಗೇ ಇರುತ್ತದೆ. ಲಂಡನ್ನಿನ ಡಿಸೆಂಬರಿನಲ್ಲಿ ಹಗಲು ಎಂಟು ತಾಸೂ ಇರುವುದಿಲ್ಲ. ಚಳಿಗೆ ಕೋಟು ಸಿಗುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ಕವಿಯುವ ಕತ್ತಲಿಗೆ ಮದ್ದಿಲ್ಲ. ಬಿಸಿಲನ್ನು ಬೈದುಕೊಂಡೇ ಬೆಳೆದವರಿಗೆ ಅದರ ಬೆಲೆ ಅಲ್ಲಿ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹೋದವರಿಗೆ ಜೋಶುವಾ ಟ್ರೀ ಎಂಬ ಮರುಭೂಮಿಯಲ್ಲಿ ಕುರುಗೋಡು, ಹಂಪೆಯ ಬಂಡೆರಾಶಿಯಂಥದೇ ಕಾಣುತ್ತದೆ. ಗ್ರಾನೈಟ್ ಸವೆಯುವ ಬಗೆ ಎರಡೂ ಕಡೆ ಒಂದೇ, ಅಲ್ಲಿಯ ಕಲ್ಲು ವಯಸ್ಸಿನಲ್ಲಿ ಬಹಳ ಕಿರಿಯದು ಅಷ್ಟೇ. ನಿಜವಾದ ಹೊಂದಾಣಿಕೆ ಇರುವುದು ಟೆಕ್ಸಾಸಿನಲ್ಲಿ. ಡಲ್ಲಾಸ್ ನಗರ, ಅದರ ಉತ್ತರಕ್ಕೆ ಭಾರತೀಯರು ತುಂಬಿರುವ ಪ್ಲೇನೋ, ಫ್ರಿಸ್ಕೊ ಉಪನಗರಗಳು ನಿಂತಿರುವುದು ಅಚ್ಚ ಎರೆ ಮಣ್ಣಿನ ಬಯಲಿನ ಮೇಲೆ. ಹಿಂದೆ ಅಲ್ಲಿ ಬೆಳೆಯುತ್ತಿದ್ದದ್ದು ಹತ್ತಿ, ಜೋಳವೇ. ಬೇಸಿಗೆಯಲ್ಲಿ ಮಣ್ಣು ಬಿರಿದು ಮನೆಯ ಪಾಯ ಸೀಳದಿರಲೆಂದು ಅಲ್ಲಿಯವರು ಗೋಡೆ ಸುತ್ತ ರಬ್ಬರ್ ಪೈಪು ಹಾಸಿ ನೆಲಕ್ಕೆ ನೀರು ಕುಡಿಸುತ್ತಾರೆ. ಸಿರುಗುಪ್ಪದ ಗೌಂಡಿಯಾದರೆ ಮೊದಲೇ ಎರೆ ತೆಗೆದು ಗರಸು ತುಂಬಿ, ಆಮೇಲೆ ಪಾಯ ಹಾಕುತ್ತಿದ್ದ.

ಊಟದ ಮಾತಿಗೆ ಬಂದರೆ, ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯ 20 ಪೌಂಡಿನ ಚೀಲ ಎಲ್ಲೆಡೆ ಸಿಗುತ್ತದೆ, ಅನ್ನಕ್ಕೆ ತೊಂದರೆಯಿಲ್ಲ. ತೊಂದರೆ ರೊಟ್ಟಿಗೆ. ಕನ್ಸಾಸ್, ಟೆಕ್ಸಾಸ್‌ಗಳಲ್ಲಿ ಜೋಳ ಲಕ್ಷಾಂತರ ಎಕರೆ ಬೆಳೆದರೂ ಹೆಚ್ಚಿನದು ದನದ ಮೇವಿಗೆ, ಎಥನಾಲಿಗೆ ಹೋಗುತ್ತದೆ. ಅಂಗಡಿಯ ಜೋಳದ ಹಿಟ್ಟು ಹಡಗಿನಲ್ಲಿ ಬಂದದ್ದು. ಗೋಧಿಯಲ್ಲಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಬರುವ ಜಿಗಿಯೇ ಅದರ ಆಧಾರ, ಹಳೆಯ ಹಿಟ್ಟಿಗೆ ಆ ಜಿಗಿ ಹೋಗಿರುತ್ತದೆ. ತಟ್ಟಿದರೆ ಅಂಚು ಸೀಳುತ್ತದೆ, ಎತ್ತಿದರೆ ನಡುವೆ ಮುರಿಯುತ್ತದೆ. ಕೆಲವರು ಇಡೀ ಜೋಳ ತರಿಸಿ ಮನೆಯಲ್ಲೇ ಬೀಸಿಕೊಳ್ಳುತ್ತಾರೆ. ಅವಸರದವರು ಅರ್ಧ ಗೋಧಿ ಹಿಟ್ಟು ಬೆರೆಸುತ್ತಾರೆ, ಊರಿಗೆ ಫೋನಿನಲ್ಲಿ ಹೇಳುವುದಿಲ್ಲ. ಮೆಕ್ಕೆಜೋಳದ ರೊಟ್ಟಿಗೆಂದು ಮೆಕ್ಸಿಕೋದವರು ಬಳಸುವ ಒತ್ತುಮಣೆಯನ್ನು ಟೆಕ್ಸಾಸಿನ ಮನೆಗಳು ಬೇಗ ಕಂಡುಕೊಂಡಿವೆ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಹಿಡಿ ಒತ್ತಿದರೆ ಅಂಗೈಯಗಲದ ರೊಟ್ಟಿಯಾಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ತೆಳ್ಳಗಾಗುವುದಿಲ್ಲ. ದಪ್ಪ ಉಳಿದ ಕಡೆ ಮಾತ್ರ ಕೈಯಲ್ಲಿ ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ ತಿರುವಬೇಕು.